ನೀರು ಬೆರೆಸದ ವರ್ತನೆ

ಯುಗಾದಿ ಕಳೆದು ಎರಡು ವಾರವಾಗಿದ್ದಿರಬೇಕು. ನನ್ನ ಮಗಳಿರುವ ಊರಿನ ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಎಂಬ ಕಡೆ ಚೆರಿ ಹೂಗಳೆಲ್ಲ ಉದುರಿ, ಜನ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ನಿಲ್ಲಿಸಿದ್ದ ಕಾಲ. ಬೆಳಗಿನ ಹತ್ತು ಗಂಟೆ. ಅಂಗಡಿಯಿರುವ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ಜಿಟಿಜಿಟಿ ಹನಿಯುತ್ತಿತ್ತು. ಅಲ್ಲಿಯವರು ಅದನ್ನು ಮಳೆಯೆಂದು ಒಪ್ಪುವುದೂ ಇಲ್ಲ, ಅದಕ್ಕಾಗಿ ಕೊಡೆ ಬಿಚ್ಚುವುದೂ ಇಲ್ಲ. ಆ ಹೊತ್ತಿಗೆ ಅಭಿನವ್ ಎಂಬ ಹುಡುಗ ನನ್ನ ಮಗಳ ಅಂಗಡಿಯೊಳಕ್ಕೆ ಬಂದು, ತೋಳಿನಿಂದ ತಲೆ ಒರೆಸಿಕೊಂಡು, "ಅಕ್ಕಾ, ಪೆಟ್ಟಿಗೆ ಮಾರೋ ಕಾಲ ಮುಗೀತು," ಎಂದ. ಅಲ್ಲಿಂದ ಇದೆಲ್ಲ ಶುರುವಾಯಿತು.

ಅಂಗಡಿ ನನ್ನ ಮಗಳು ಪೂರ್ಣಿಮಾ ಮತ್ತು ಅವಳ ಗೆಳತಿ ರೇಹಾನಾ ಇಬ್ಬರದು. ಕಂಪ್ಯೂಟರು, ಪ್ರಿಂಟರು, ಅವುಗಳೊಳಗೆ ಹಾಕುವ ಪ್ರೋಗ್ರಾಮು ಇವನ್ನೆಲ್ಲ ದೊಡ್ಡ ಕಂಪನಿಗಳು ಮಾಡುತ್ತವೆ. ಅವರಿಂದ ಸಗಟಿನವರು ಕೊಳ್ಳುತ್ತಾರೆ. ಸಗಟಿನವರಿಂದ ಇವರು ತಂದು, ಸುತ್ತಲಿನ ಸಣ್ಣಪುಟ್ಟ ಅಂಗಡಿ ಆಫೀಸುಗಳಿಗೆ ಮಾರುತ್ತಾರೆ. ಇದಕ್ಕೆ ರೀಸೆಲ್ಲರ್ ಅನ್ನುತ್ತಾರೆ. ಅಭಿನವ್ ಆ ಸಗಟಿನ ಕಂಪನಿಯ ಕಡೆಯವನು, ಬೆಂಗಳೂರು ವಿಜಯನಗರದ ಹುಡುಗ. ಮೂರು ತಿಂಗಳಿಗೊಮ್ಮೆ ಬಂದು, ಮುಂದೆ ಕಾಲ ಹೇಗೆ ಬರುತ್ತದೆ ಎಂದು ಚಿತ್ರ ತೋರಿಸಿ ಹೋಗುವುದು ಅವನ ಕೆಲಸ. ನಮ್ಮ ಕಡೆ ಬುಡಬುಡಿಕೆಯವನು ಬರುತ್ತಿದ್ದನಲ್ಲ, ಹಾಗೆ. ಇವನ ಕೈಯಲ್ಲಿ ಬುಡಬುಡಿಕೆಯ ಬದಲು ಲ್ಯಾಪ್‌ಟಾಪು.

ನಾನು ಸಂಕ್ರಾಂತಿಯ ಹೊತ್ತಿಗೆ ಮೈಸೂರಿನಿಂದ ಮಗಳಿರುವ ಆ ದೇಶಕ್ಕೆ ಹೋದವಳು. ಆರು ತಿಂಗಳ ವೀಸಾ. ಎಜುಕೇಶನ್ ಹಿಲ್ ಎಂಬ ಬಡಾವಣೆಯ ಮಗಳ ಮನೆಯಲ್ಲಿ ಒಬ್ಬಳೇ ಕೂತರೆ ಹೀಟರಿನ ಶಬ್ದ ಬಿಟ್ಟರೆ ಬೇರೆ ಶಬ್ದವಿಲ್ಲ. ಅದಕ್ಕೇ ಮಗಳ ಜೊತೆ ಅಂಗಡಿಗೆ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದೆ.

ಅಭಿನವ್ ಚಿತ್ರ ತೋರಿಸುತ್ತಾ ಹೋದ. "ಈಗೆಲ್ಲ ಆನ್‌ಲೈನಲ್ಲಿ ಕೊಂಡ್ಕೋತಾರೆ. ಪೆಟ್ಟಿಗೆ ಮಾರಿದ್ರೆ ನಿಮಗೆ ಸಿಗೋದು ಆ ಪೆಟ್ಟಿಗೆಯ ರಟ್ಟು ಮಾತ್ರ. ಈಗ ಏನಿದ್ರೂ ಕ್ಲೌಡು, ಸೆಕ್ಯೂರಿಟಿ, ಎಐ. ತಿಂಗಳು ತಿಂಗಳು ಬಿಲ್ಲು."

"ಕ್ಲೌಡು ಅಂದ್ರೆ ಏನಪ್ಪಾ?" ಎಂದೆ.

"ಮೋಡ ಆಂಟಿ. ಎಲ್ಲಾ ಈಗ ಮೋಡದಲ್ಲೇ ಇಡೋದು. ಇವರು ಅದನ್ನ ಮಾರ್ಬೇಕು."

ನಾನು ಗಾಜಿನಾಚೆ ನೋಡಿದೆ. "ಈ ಊರಲ್ಲಿ ಮೋಡ ಕೊಳ್ಳೋರು ಯಾರಪ್ಪಾ? ಪುಕ್ಕಟೆ ಇಷ್ಟೊಂದು ಬಿದ್ದದಲ್ಲ."

ರೇಹಾನಾ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದಳು. ಅವಳು ನಗುವುದೇ ಹಾಗೆ. ಮೊದಲು ತಲೆ ಬೀಳುತ್ತದೆ, ಆಮೇಲೆ ಹೆಗಲು ಕುಣಿಯುತ್ತದೆ, ಕೊನೆಗೆ ಶಬ್ದ. ಅಭಿನವ್ ಮಾತ್ರ ನಗಲಿಲ್ಲ. "ಅಕ್ಕ, ಸೀರಿಯಸ್ಸಾಗಿ ಕೇಳಿ. ಜೂನ್ ಮುಗಿಯೋಷ್ಟರಲ್ಲಿ ತಿಂಗಳ ಗಿರಾಕಿ ಮೂವತ್ತು ಆಗ್ಬೇಕು. ಇಲ್ಲಾಂದ್ರೆ ನಮ್ಮೋರು ನಿಮ್ಮ ರೀಸೆಲ್ಲರ್ ನಂಬರ್ರೇ ತೆಗೆದುಹಾಕ್ತಾರೆ. ಆಮೇಲೆ ನಿಮಗೆ ಮಾರೋಕೆ ಏನೂ ಸಿಗಲ್ಲ. ಈಗೆಷ್ಟಿದೆ?"

"ನಾಲ್ಕು," ಎಂದಳು ಪೂರ್ಣಿಮಾ.

"ಅದರಲ್ಲಿ ಒಂದು ನನ್ ಗಂಡ," ಎಂದಳು ರೇಹಾನಾ.

"ಇನ್ನೊಂದು ನನ್ ಗಂಡ," ಎಂದಳು ಪೂರ್ಣಿಮಾ.

ಈ ಸಲ ಅಭಿನವ್‌ಗೂ ನಗು ತಡೆಯಲಾಗಲಿಲ್ಲ. ಹೋಗುವಾಗ ಪಾಪ, ಒಂದು ಉಪಕಾರ ಮಾಡಿಹೋದ. ಏಜೆಂಟ್ ಎಂಬ ಹೊಸದೊಂದು ಎಐಯನ್ನು ಒಂದು ತಿಂಗಳ ಮಟ್ಟಿಗೆ ಪುಕ್ಕಟೆ ಹಾಕಿಕೊಟ್ಟ. ಯಾವ ಭಾಷೆಯಲ್ಲಿ ಮಾತಾಡಿದರೂ ಕೇಳಿಸಿಕೊಂಡು, ಒಳ್ಳೆಯ ಇಂಗ್ಲಿಷಿನಲ್ಲಿ ಪತ್ರ ಬರೆದು, ಗಿರಾಕಿಗಳಿಗೆಲ್ಲ ಅದೇ ಕಳಿಸುತ್ತದಂತೆ.

ಅವನು ಹೋದ ಮೇಲೆ ರೇಹಾನಾಳ ನಗು ನಿಂತಿತು. ಅವಳು ಬೆಂಗಳೂರಿನ ಫ್ರೇಜರ್ ಟೌನಿನವಳು. ಎಂಜಿನಿಯರಿಂಗ್ ಓದಿಯೂ, ಗಂಡನ ವೀಸಾದ ಮೇಲೆ ಬಂದವಳಾದ್ದರಿಂದ ವರ್ಷಗಟ್ಟಲೆ ಕೆಲಸ ಮಾಡುವ ಹಾಗಿರಲಿಲ್ಲ. ಪರವಾನಗಿ ಬಂದ ದಿನವೇ ಪೂರ್ಣಿಮಾಳ ಬಾಗಿಲು ತಟ್ಟಿ, "ನಂಗೆ ಬಾಸ್ ಬೇಡ ಕಣೇ, ನಾನೇ ಬಾಸ್ ಆಗ್ಬೇಕು," ಎಂದಿದ್ದಳಂತೆ. ಈಗ ಗಂಡ ಖಾಲಿದ್‌ನನ್ನು ಅವನ ಕಂಪನಿ ಟೆಕ್ಸಾಸಿನ ಆಸ್ಟಿನ್‌ಗೆ ಕರೆಯುತ್ತಿತ್ತು.

"ಅಂಗಡಿ ಇರೋ ತನಕ ನಾನು ಕದಲಲ್ಲ ಅಂದಿದೀನಿ ಅಮ್ಮಾ," ಎಂದಳು ನನಗೆ. "ಅಂಗಡಿ ಹೋದ್ರೆ, ಬರಲ್ಲ ಅನ್ನೋಕೆ ನನ್ ಹತ್ರ ಇನ್ನೇನಿರುತ್ತೆ? ಮತ್ತೆ ಇನ್ನೊಂದೂರಲ್ಲಿ ಕಿಟಕಿ ಪಕ್ಕ ಕೂತ್ಕೊಂಡು ಅಳಿಲು ಎಣಿಸ್ಬೇಕು."

ಆ ಸಂಜೆ ಇಬ್ಬರೂ ನಮ್ಮ ಮನೆಯ ಊಟದ ಮೇಜಿಗೆ ಕೂತು, ಗಿರಾಕಿಗಳಿಗೆ ಕಳಿಸುವ ಪತ್ರ ಬರೆಯಲು ಹೊರಟರು. ನಾನು ಅವರೆಕಾಳು ಬಿಡಿಸುತ್ತಿದ್ದೆ. ಅಂಗಡಿಯಿಂದ ತಂದ ಫ್ರೋಜನ್ ಕಾಳು, ಬಿಡಿಸುವುದೇನೂ ಇರಲಿಲ್ಲ. ಕೈ ಸುಮ್ಮನಿರುವುದಿಲ್ಲವಲ್ಲ ಎಂದು ಒಂದಕ್ಕೊಂದು ಅಂಟಿದ್ದನ್ನು ಬಿಡಿಸುತ್ತಿದ್ದೆ.

"ಸಬ್‌ಸ್ಕ್ರಿಪ್ಷನ್ ಅನ್ನೋ ಪದ ಮಾತ್ರ ಹಾಕ್ಬೇಡ," ಎಂದಳು ರೇಹಾನಾ. "ಅದನ್ನ ನೋಡಿದ್ರೆ ಜನ ಡಿಲೀಟ್ ಒತ್ತುತ್ತಾರೆ. ಸಿನಿಮಾಗೆ ಸಬ್‌ಸ್ಕ್ರಿಪ್ಷನ್, ಜಿಮ್‌ಗೆ ಸಬ್‌ಸ್ಕ್ರಿಪ್ಷನ್. ನಮ್ಮ ಪಕ್ಕದ್ಮನೆಯೋರು ನಾಯಿ ಬಿಸ್ಕೆಟ್ಟಿಗೂ ಸಬ್‌ಸ್ಕ್ರಿಪ್ಷನ್ ತಗೊಂಡಿದಾರೆ."

"ಅದೇನೇ ಅದು?" ಎಂದೆ ಮಗಳಿಗೆ.

"ಸಾಮಾನು ಒಂದ್ಸಲ ಮಾರಿ ಕೈ ತೊಳ್ಕೊಳ್ಳೋದಲ್ಲಮ್ಮ. ದಿನಾ ನಾವೇ ನೋಡ್ಕೊಳ್ಳೋದು, ತಿಂಗಳಿಗೊಂದ್ಸಲ ದುಡ್ಡು ಈಸ್ಕೊಳ್ಳೋದು."

"ವರ್ತನೆ ಅನ್ನಿ ಮತ್ತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾ ಅಲ್ಲಾ, ವರ್ತನೆ!" ಎಂದಳು ರೇಹಾನಾ. "ನಮ್ಮನೇಲೂ ಹಾಲಿನ ವರ್ತನೆ ಇತ್ತು. ನಮ್ಮ ದಾದಿ, ಅಂದ್ರೆ ಅಜ್ಜಿ, ಪಾತ್ರೆ ಹಿಡ್ಕೊಂಡು ಬಾಗಿಲಲ್ಲೇ ಜಗಳ ಆಡ್ತಿದ್ರು."

ಮೈಸೂರಿನ ನಜರ್‌ಬಾದಿನಲ್ಲಿ ನಾನು ಎರಡು ಎಮ್ಮೆ, ಒಂದು ಹಸು ಸಾಕಿಕೊಂಡು ವರ್ತನೆ ಹಾಲು ಹಾಕಿಯೇ ಮಗಳನ್ನು ಓದಿಸಿದವಳು. ಪೂರ್ಣಿಮಾ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ಆ ಏಜೆಂಟನ್ನು ಎಬ್ಬಿಸಿದಳು. "ಹೇಳಮ್ಮ, ಹೊಸ ಮನೆಯೋರಿಗೆ ನೀನು ಏನಂತ ಹೇಳ್ತಿದ್ದೆ? ಹಂಗೇ ಹೇಳು. ತಮಾಷೆಗೆ."

ನಾನು ಹೇಳಿದೆ. ಅದೇನು ಮರೆಯುವ ಮಾತೇ? "ಬರೋ ತಿಂಗಳಿಂದ ನಿಮ್ಮನೆಗೆ ವರ್ತನೆ ಹಾಕ್ತೀವಿ ಕಣ್ರವ್ವ. ಬೆಳಕು ಹರಿಯೋಕೆ ಮುಂಚೆ ಬಾಗಿಲಿಗೆ ಬರ್ತೀವಿ. ಎದ್ದಿಲ್ಲ ಅಂದ್ರೆ ಪಾತ್ರೆ ಹೊರಗಿಡಿ. ನೆಂಟರು ಬಂದ್ರೆ ಹಿಂದಿನ ದಿನವೇ ಹೇಳಿ, ಜಾಸ್ತಿ ತರ್ತೀವಿ. ಊರಿಗೆ ಹೋದ್ರೆ ಆ ದಿನದ್ದು ಲೆಕ್ಕಕ್ಕಿಲ್ಲ. ಬೇಡ ಅಂದ್ರೆ ಬಾಗಿಲಲ್ಲೇ ಹೇಳಿ, ಬೇಜಾರಿಲ್ಲ. ಹಬ್ಬದ ದಿನ ಒಂಚೂರು ಕೊಸರು. ನಮ್ಮ ವರ್ತನೇಲಿ ನೀರು ಬೆರೆಸೋ ಮಾತೇ ಇಲ್ಲ."

ಅಳಿಯ ಪ್ರಶಾಂತ ತನ್ನ ತಟ್ಟೆ ತೊಳೆಯುತ್ತಾ ಅಡುಗೆಮನೆಯಿಂದಲೇ ಕೇಳಿದ. "ನಿಜವಾಗ್ಲೂ ಬೆರೆಸ್ತಿರ್ಲಿಲ್ವಾ ಅತ್ತೆ?"

"ಮಳೆಗಾಲದಲ್ಲಿ ಎಮ್ಮೆ ನೀರು ಜಾಸ್ತಿ ಕುಡಿಯೋದು ಕಣಪ್ಪ. ಅದಕ್ಕೆ ನಾನೇನು ಮಾಡ್ಲಿ?"

ನಕ್ಕೂ ನಕ್ಕೂ ಅವರಿಗೆ ಪತ್ರ ಬರೆಯುವ ಶಕ್ತಿ ಉಳಿಯಲಿಲ್ಲ. ಬೆಳಿಗ್ಗೆ ಕೂತು ನೆಟ್ಟಗೆ ಬರೆಯೋಣ ಎಂದು ಎದ್ದರು. ರೇಹಾನಾ ಕೋಟು ಹಾಕಿಕೊಳ್ಳುತ್ತಿದ್ದಾಗ ಆ ಯಂತ್ರ ಇಂಪಾದ ದನಿಯಲ್ಲಿ, "ಪತ್ರ ಸಿದ್ಧವಾಗಿದೆ. ಕಳುಹಿಸಲೇ?" ಎಂದು ಕೇಳಿತು.

"ಹೋಗ್ಲಿ ಬಿಡು," ಎಂದಳು ರೇಹಾನಾ.

ನಮ್ಮಲ್ಲಿ ಹೋಗಲಿ ಬಿಡು ಎಂದರೆ ಬೇಡ, ಅಲ್ಲಿಗೇ ಬಿಡು ಎಂದರ್ಥ. ಯಂತ್ರಕ್ಕೆ ಹೋಗಲಿ ಎಂದರೆ ಹೋಗಲಿ, ಬಿಡು ಎಂದರೆ ಬಿಡು. ಟುಂಯ್ ಎಂದು ಶಬ್ದವಾಯಿತು. ಮೈಕ್ರೋವೇವಿನದು ಎಂದುಕೊಂಡೆವು.

ಮರುದಿನ ಅಂಗಡಿಯ ಬೀಗ ತೆಗೆಯುವ ಮೊದಲೇ ಫೋನು. ಹಲ್ಲಿನ ಡಾಕ್ಟರು ಲಿಂಡಾ. ಪೂರ್ಣಿಮಾ ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಬಣ್ಣಗೆಟ್ಟಳು. ಒಂದು ನಿಮಿಷ ತಡೆಯಿರಿ ಎಂದು ಫೋನಿನ ಬಾಯಿ ಮುಚ್ಚಿ, "ರೇಹಾನಾ, ನಿನ್ನೆ ಅದು ಹೋಗಿಬಿಟ್ಟಿದೆ ಕಣೇ. ಎಲ್ಲರಿಗೂ!" ಎಂದಳು.

ರೇಹಾನಾ ಲ್ಯಾಪ್‌ಟಾಪು ತೆರೆದು ಆ ಇಂಗ್ಲಿಷ್ ಪತ್ರವನ್ನು ನನಗಾಗಿ ಕನ್ನಡದಲ್ಲಿ ಓದಿದಳು. ವರ್ತನೆ ಎಂಬಲ್ಲೆಲ್ಲ ಆ ಯಂತ್ರ ಬಿಹೇವಿಯರ್ ಎಂದು ಹಾಕಿತ್ತು. ವರ್ತನೆಗೆ ನಡತೆ ಎಂಬ ಅರ್ಥವೂ ಇದೆ ಎಂಬುದು ನನಗೆ ಆಗಲೇ ತಿಳಿದದ್ದು. ನಮ್ಮ ಬೀದಿಯಲ್ಲಿ ನಡತೆಗೆ ನಡತೆ ಎಂದೇ ಅನ್ನುತ್ತಿದ್ದೆವು.

"ಪ್ರಿಯ ಗ್ರಾಹಕರೇ, ಬರುವ ತಿಂಗಳಿಂದ ನಿಮಗೆ ಬಿಹೇವಿಯರ್ ಸರಬರಾಜು ಮಾಡುತ್ತೇವೆ. ಸೂರ್ಯೋದಯಕ್ಕೆ ಮೊದಲು ನಿಮ್ಮ ಬಿಹೇವಿಯರ್ ತೆಗೆದುಕೊಂಡು ಬಾಗಿಲಿಗೆ ಬರುತ್ತೇವೆ. ನೀವು ಎದ್ದಿರದಿದ್ದರೆ ದಯವಿಟ್ಟು ಪಾತ್ರೆಯನ್ನು ಹೊರಗಿಡಿ. ಅತಿಥಿಗಳು ಬರುವುದಿದ್ದರೆ ಹಿಂದಿನ ದಿನವೇ ತಿಳಿಸಿ, ಹೆಚ್ಚು ಬಿಹೇವಿಯರ್ ತರುತ್ತೇವೆ..." ಅಷ್ಟರಲ್ಲಿ ಅವಳ ತಲೆ ಮೇಜಿಗೆ ಬಿತ್ತು. ಹೆಗಲು ಕುಣಿಯತೊಡಗಿತು. "ಅಮ್ಮಾ, ಕೊನೇ ಸಾಲು! ನಾವು ನಮ್ಮ ಬಿಹೇವಿಯರ್‌ಗೆ ನೀರು ಬೆರೆಸುವುದಿಲ್ಲ!"

ಪೂರ್ಣಿಮಾ ಒಂದು ಕೈಯಲ್ಲಿ ಫೋನಿನ ಬಾಯಿ, ಇನ್ನೊಂದು ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಂಡಿದ್ದಳು. "ಲಿಂಡಾ ಏನ್ ಕೇಳ್ತಿದಾಳೆ ಗೊತ್ತಾ? ಅವಳ ರಿಸೆಪ್ಷನಿಸ್ಟ್ ಹುಡುಗಿಗೆ ಎರಡು ಲೋಟ ಕೊಡ್ತೀರಾ ಅಂತೆ!"

"ನನಗೆ ಸ್ಕೂಲಲ್ಲಿ ರಿಪೋರ್ಟ್ ಕಾರ್ಡಲ್ಲಿ ಬರೀತಿದ್ರು," ಎಂದಳು ರೇಹಾನಾ, ಕಣ್ಣೊರೆಸಿಕೊಳ್ಳುತ್ತಾ. "ವರ್ತನೆ, ಸುಧಾರಿಸಬೇಕು ಅಂತ. ಈಗ ನಾನೇ ಸಪ್ಲೈ ಮಾಡ್ತಿದೀನಿ."

ತಪ್ಪಾಯಿತೆಂದು ಹೇಳಲು ಪೂರ್ಣಿಮಾ ಫೋನಿನ ಬಾಯಿಂದ ಕೈ ತೆಗೆದಳು. ಆದರೆ ಲಿಂಡಾ ಬಿಡಲಿಲ್ಲ. ಬಿಹೇವಿಯರ್ ಹಾಗಿರಲಿ, ದಿನಾ ಬೆಳಿಗ್ಗೆ ಬಾಗಿಲಿಗೆ ಬರುತ್ತೀರಿ ಎಂದು ಬರೆದಿದ್ದೀರಲ್ಲ, ಅದು ನಿಜವೇ? ಮನುಷ್ಯರೇ ಬರುತ್ತಾರೆಯೇ? ಎಂದು ಕೇಳಿದಳಂತೆ. ಅವಳ ಕಂಪ್ಯೂಟರು ಕೆಟ್ಟಾಗಲೆಲ್ಲ ಯಾವುದೋ ನಂಬರಿಗೆ ಫೋನು ಮಾಡಬೇಕು, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೇಳಿ ಅವರು ಗಂಟೆಗಟ್ಟಲೆ ಪಿಟೀಲು ಕೇಳಿಸಬೇಕು, ರೋಗಿ ಬಾಯಿ ತೆರೆದುಕೊಂಡು ಮಲಗಿರಬೇಕು.

ನನ್ನ ಮಗಳಿಗೆ ಏನನ್ನಿಸಿತೋ. "ಹೌದು," ಎಂದುಬಿಟ್ಟಳು. "ನಾವೇ ಬರ್ತೀವಿ. ದಿನಾ."

ಹಾಗೆ ತಿಂಗಳ ಗಿರಾಕಿಗಳಲ್ಲಿ ಐದನೆಯವಳು ಸೇರಿದಳು. ಮಧ್ಯಾಹ್ನದೊಳಗೆ ಚಾಟ್ ಅಂಗಡಿಯ ನೆಲ್ಲೂರಿನವರು, ಮಕ್ಕಳನ್ನು ನೋಡಿಕೊಳ್ಳುವ ಮೆಹ್ವಿಶ್, ಇಬ್ಬರು ಫೋನು ಮಾಡಿದರು. ಮೆಹ್ವಿಶ್ ತನ್ನಲ್ಲಿರುವ ಹದಿನಾಲ್ಕು ಮಕ್ಕಳಿಗೂ ಬಿಹೇವಿಯರ್ ಬೇಕು, ಸಗಟು ದರ ಹೇಳಿ ಎಂದಳು.

ಹೇಳಿದ ಮೇಲೆ ಹೋಗಲೇಬೇಕಲ್ಲ. ಮೇ ಒಂದರಿಂದ ವರ್ತನೆ ಶುರುವಾಯಿತು. ಬೆಳಗಾಗುವ ಮುನ್ನ ಎಂದು ಪತ್ರದಲ್ಲಿ ಬರೆದಾಗಿತ್ತು. ಆ ಊರಿನಲ್ಲಿ ಬೇಸಿಗೆ ಬಂತೆಂದರೆ ಸೂರ್ಯ ಹಾಲಿನವಳಿಗಿಂತ ಮೊದಲೇ ಎದ್ದು ಹೊರಟಿರುತ್ತಾನೆ. ಆ ಒಂದು ಮಾತನ್ನು ಗಿರಾಕಿಗಳು ಮಾಫು ಮಾಡಿದರು. ಅಂಗಡಿ ಆಫೀಸುಗಳು ಬಾಗಿಲು ತೆಗೆಯುವ ಹೊತ್ತಿಗೆ ಇವರ ಕಾರು ಹೋಗಿ ನಿಂತಿರುತ್ತಿತ್ತು. ಪೂರ್ಣಿಮಾ ಡ್ರೈವ್ ಮಾಡುತ್ತಿದ್ದಳು, ರೇಹಾನಾ ಇಳಿದು ಓಡುತ್ತಿದ್ದಳು, ನಾನು ಹಿಂದಿನ ಸೀಟಿನಲ್ಲಿ. ರಾತ್ರಿ ಕಂಪ್ಯೂಟರು ತನ್ನಲ್ಲಿದ್ದುದನ್ನೆಲ್ಲ ಮೋಡಕ್ಕೆ ಕಳಿಸಿದೆಯೇ, ಪ್ರಿಂಟರಿನ ಹೊಟ್ಟೆಯಲ್ಲಿ ಕಾಗದ ಸಿಕ್ಕಿಕೊಂಡಿದೆಯೇ, ಬರುವ ಅಕ್ಟೋಬರಿಗೆ ಅಪ್‌ಡೇಟ್ ನಿಂತುಹೋಗುವ ಹಳೆಯ ಯಂತ್ರಗಳು ಎಷ್ಟಿವೆ, ಇವನ್ನೆಲ್ಲ ನೋಡಿ, ಎರಡು ಮಾತಾಡಿ ಬರುವುದು. ಅಷ್ಟೇ ಕೆಲಸ. ಹಾಲಿನವಳೂ ಅಷ್ಟೇ ಮಾಡುವುದು. ಹಾಲು ಹಾಕಿ, ನಿಮ್ಮ ಸೊಸೆಗೆ ಜ್ವರ ಬಿಟ್ಟಿತೇ ಎಂದು ಕೇಳಿ ಬರುವುದು.

ಚಾಟ್ ಅಂಗಡಿಯವರು ಮೊದಲ ದಿನವೇ ಬಾಗಿಲ ಹೊರಗೆ ಒಂದು ಸ್ಟೀಲ್ ಪಾತ್ರೆ ಇಟ್ಟಿದ್ದರು. ರೇಹಾನಾ ಏನೂ ತೋಚದೆ ಅದರೊಳಗೆ ಹೊಸದೊಂದು ಮೌಸು ಹಾಕಿ ಬಂದಳು. ಮರುದಿನ ಅದೇ ಪಾತ್ರೆಯಲ್ಲಿ ಬಿಸಿ ಸಮೋಸ ಇತ್ತು. ಆ ಪಾತ್ರೆ ಆಮೇಲೆ ಒಂದು ದಿನವೂ ಖಾಲಿ ಇರಲಿಲ್ಲ, ಆ ಕಡೆಯಿಂದಲೋ ಈ ಕಡೆಯಿಂದಲೋ.

ಒಂದು ಬೆಳಿಗ್ಗೆ ರೇಹಾನಾ ಲಿಂಡಾಳ ಆಫೀಸಿನ ಒಳಗೆ ಕಾಲಿಟ್ಟಾಗ ರಿಸೆಪ್ಷನಿಸ್ಟ್ ಹುಡುಗಿ ಯಾವುದೋ ಮೇಲ್ ತೆರೆದಿದ್ದಳು. ಬ್ಯಾಂಕಿನಿಂದ ಬಂದದ್ದು, ಕೂಡಲೇ ಇಲ್ಲಿ ಒತ್ತಿ ಎಂದಿತ್ತು. ರೇಹಾನಾ ಬಾಗಿಲಿಂದಲೇ "ಒತ್ಬೇಡಾ!" ಎಂದು ಕೂಗಿಕೊಂಡಳು. ಕನ್ನಡದಲ್ಲಿ! ಆ ಹುಡುಗಿಗೆ ಕನ್ನಡ ಬಾರದು; ಆದರೆ ಆ ಕೂಗಿಗೆ ಕೈ ತಾನಾಗಿ ನಿಂತಿತು. ನೋಡಿದರೆ ಅದು ಕಳ್ಳರ ಮೇಲ್. ಒತ್ತಿದ್ದರೆ ರೋಗಿಗಳ ವಿವರವೆಲ್ಲ ಹೋಗುತ್ತಿತ್ತಂತೆ. ಲಿಂಡಾ ಈ ಕಥೆಯನ್ನು ಬಾಯಿ ತೆರೆದುಕೊಂಡು ಮಲಗಿದ ಪ್ರತಿಯೊಬ್ಬ ರೋಗಿಗೂ ಹೇಳಿದಳು. ಅವರಿಗೆ ಕೇಳದೆ ವಿಧಿಯಿಲ್ಲವಲ್ಲ. ಅವರಲ್ಲಿ ಅಂಗಡಿಯಿಟ್ಟವರಿದ್ದರು, ಕಟ್ಟಡ ಕಟ್ಟಿಸುವವರಿದ್ದರು, ಯೋಗ ಹೇಳಿಕೊಡುವವರಿದ್ದರು. ಎರಡು ವಾರದಲ್ಲಿ ಗಿರಾಕಿಗಳು ಹತ್ತೊಂಬತ್ತಾದರು.

ಅಭಿನವ್ ಮೂರು ತಿಂಗಳಾಗುವುದಕ್ಕೆ ಕಾಯದೆ ಮೇ ಕೊನೆಯಲ್ಲೇ ಬಂದ. ಆ ಪತ್ರ ಓದಿ, ಎಲ್ಲವನ್ನೂ ಕೇಳಿ, ತಲೆಯ ಮೇಲೆ ಕೈಯಿಟ್ಟು ಕೂತ. ಆಮೇಲೆ ಮೆಲ್ಲಗೆ ಲ್ಯಾಪ್‌ಟಾಪು ತೆರೆದು, "ಅಕ್ಕಾ, ಬಿಹೇವಿಯರ್ ಆಸ್ ಎ ಸರ್ವಿಸ್ ಅಂತ ಒಂದು ಸ್ಲೈಡ್ ಮಾಡ್ಕೊಳ್ಲಾ? ಹೊಸ ಟ್ರೆಂಡು ಅಂತ ಹೇಳ್ತೀನಿ," ಎಂದ.

"ಮಾಡ್ಕೋ, ಆದ್ರೆ ನೀರು ಬೆರೆಸ್ಬೇಡ," ಎಂದಳು ರೇಹಾನಾ.

ಇಷ್ಟರಲ್ಲಿ ಒಬ್ಬರು ಮಾತ್ರ ಬಗ್ಗಿರಲಿಲ್ಲ. ಲಿಂಡಾಳ ಆಫೀಸಿನ ಮೇಲಿನ ಮಹಡಿಯಲ್ಲಿ ಟ್ಯಾಕ್ಸ್ ಲೆಕ್ಕ ಬರೆದುಕೊಡುವ ಅಶ್ವತ್ಥನಾರಾಯಣ ಅವರು. ಮಂಡ್ಯದ ಕಡೆಯವರು, ಆ ಊರಿಗೆ ಬಂದು ಕೂದಲು ಬೆಳ್ಳಗಾದವರು. ವರ್ತನೆ ಎಂದರೇನೆಂದು ಇಡೀ ಗಿರಾಕಿಗಳಲ್ಲಿ ನೆಟ್ಟಗೆ ಅರ್ಥವಾದದ್ದು ಅವರೊಬ್ಬರಿಗೇ. ಆದರೂ ಮೇ ತಿಂಗಳ ಮೊದಲಲ್ಲೇ ಬೇಡ ಎಂದಿದ್ದರು.

"ಕಂಪ್ಯೂಟರು ನಿಮ್ಮತ್ರಾನೇ ಕೊಂಡಿದೀನಿ, ಅದು ನಡೀತಿದೆ. ಕೊಂಡ ಎಮ್ಮೆಗೆ ಯಾರಾದ್ರೂ ತಿಂಗಳ ಬಾಡಿಗೆ ಕೊಡ್ತಾರೇನ್ರೀ?"

"ಎಮ್ಮೆಗೆ ಮೇವು ಬೇಡ್ವಾ ಸಾರ್?" ಎಂದಳು ಪೂರ್ಣಿಮಾ.

"ನನ್ನೆಮ್ಮೆ ಉಪವಾಸ ಮಾಡುತ್ತೆ. ಶಿವಭಕ್ತ ಎಮ್ಮೆ."

ಅಷ್ಟಕ್ಕೇ ನಿಲ್ಲಲಿಲ್ಲ. ಮರುದಿನ ನಾವು ಲಿಂಡಾಳಲ್ಲಿಗೆ ಹೋದಾಗ ಅವರು ಮೆಟ್ಟಿಲಿಳಿದು ಬಂದು ಕೆಳಗಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಾಫಿ ಲೋಟ. "ಬೇಡವಾದರೆ ಬಾಗಿಲಲ್ಲೇ ಹೇಳಿ ಅಂತ ಬರೆದಿದ್ದೀರಲ್ಲ. ಹೇಳೋಕೆ ಬಂದಿದೀನಿ. ಬೇಡ."

"ಆಯ್ತು ಸಾರ್," ಎಂದಳು ರೇಹಾನಾ.

ಅದರ ಮರುದಿನವೂ ಬಂದರು. "ಇವತ್ತೂ ಬೇಡ."

ಹೀಗೇ ನಡೆಯಿತು. ಮಳೆಯಿರಲಿ, ಬಿಸಿಲಿರಲಿ, ಆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತು ಬೇಡ ಎನ್ನುವುದು. ಒಂದು ದಿನ, "ಇವತ್ತು ಖಂಡಿತ ಬೇಡ" ಎಂದರು. ಇನ್ನೊಂದು ದಿನ, "ನಿನ್ನೆಗಿಂತ ಕಡಿಮೆ ಬೇಡ" ಎಂದರು; ಅದರ ಅರ್ಥವೇನೆಂದು ಕಾರಿನಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಬೇಡ ಎಂದ ಮೇಲೆ ಐದು ನಿಮಿಷ ನಿಂತು, ಊರಿನ ಕಬ್ಬಿನ ಗಾಣದ ಸುದ್ದಿ, ಬೆಲ್ಲದ ವಾಸನೆಯ ಸುದ್ದಿ ನನ್ನ ಹತ್ತಿರ ಮಾತಾಡುತ್ತಿದ್ದರು. "ತಾಯಿ, ಈ ಊರಲ್ಲಿ ಬೆಳಿಗ್ಗೆ ಎದ್ದು ಬೇಡ ಅನ್ನೋಕೂ ಒಬ್ರು ಸಿಗಲ್ಲ ಗೊತ್ತಾ," ಎಂದರು ಒಮ್ಮೆ. ಹೇಳಿ ತಾವೇ ಜೋರಾಗಿ ನಕ್ಕರು.

ಜೂನ್ ಮುಗಿಯುತ್ತಾ ಬಂತು. ಗಿರಾಕಿಗಳು ಇಪ್ಪತ್ತೊಂಬತ್ತಕ್ಕೆ ಬಂದು ಅಲ್ಲೇ ನಿಂತರು. ಇವರು ಎಲ್ಲರನ್ನೂ ಕೇಳಿಯಾಗಿತ್ತು, ಊರೆಲ್ಲ ಸುತ್ತಿಯಾಗಿತ್ತು. ಖಾಲಿದ್‌ನ ಕಂಪನಿಯವರು ಆ ತಿಂಗಳ ಕೊನೆಯೊಳಗೆ ಆಸ್ಟಿನ್‌ಗೆ ಹೌದೋ ಅಲ್ಲವೋ ಹೇಳಿ ಎಂದಿದ್ದರು. ರೇಹಾನಾಳ ಮನೆಯ ಹಜಾರದಲ್ಲಿ ಮಡಿಸಿದ ರಟ್ಟಿನ ಪೆಟ್ಟಿಗೆಗಳು ಗೋಡೆಗೆ ಒರಗಿ ನಿಂತಿದ್ದವು. ಖಾಲಿದ್ ತಂದಿಟ್ಟದ್ದು, ಬೇಕಾದರೂ ಬೇಕಾಗಬಹುದು ಎಂದು. ರೇಹಾನಾ ಅವನ್ನು ನೋಡದ ಹಾಗೆ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದಳಂತೆ.

ಜೂನ್ ಮೂವತ್ತು, ಸೋಮವಾರ. ಜ್ಯೂಸಿನ ಅಂಗಡಿಯವನೊಬ್ಬ ಬೆಳಿಗ್ಗೆ ಬನ್ನಿ, ಯೋಚಿಸಿ ಹೇಳುತ್ತೇನೆ ಎಂದಿದ್ದ. ಲಿಂಡಾಳ ಕೆಲಸವನ್ನು ಆ ಒಂದು ದಿನ ಫೋನಿನಲ್ಲೇ ಮುಗಿಸಿ, ನಾವು ನೇರ ಅವನ ಬಾಗಿಲಿಗೆ ಹೋದೆವು. ಅವನು ಯೋಚಿಸಿದ. ನಮಗೆ ಮೂರು ಬಗೆಯ ಜ್ಯೂಸು ಕುಡಿಸಿ ಯೋಚಿಸಿದ. ಕೊನೆಗೆ, ತನ್ನ ಹತ್ತಿರ ಕಂಪ್ಯೂಟರೇ ಇಲ್ಲ ಎಂದ.

ಅಂಗಡಿಗೆ ವಾಪಸು ಬಂದರೆ ಅಭಿನವ್ ಲ್ಯಾಪ್‌ಟಾಪು ಹಿಡಿದು ಕೂತಿದ್ದ. ಸಂಜೆ ಐದಕ್ಕೆ ಎಲ್ಲ ಬಂದ್ ಆಗುತ್ತದೆ ಎಂದ. "ಇಪ್ಪತ್ತೊಂಬತ್ತು ಅಂದ್ರೂ ಒಂದೇ, ಒಂಬತ್ತು ಅಂದ್ರೂ ಒಂದೇ ಅಕ್ಕ. ಆ ಸಿಸ್ಟಮ್ಮಿಗೆ ಕರುಳಿಲ್ಲ." ಪೂರ್ಣಿಮಾ ಗಿರಾಕಿಗಳ ಪಟ್ಟಿಯನ್ನು ಮತ್ತೊಮ್ಮೆ ಎಣಿಸಿದಳು. ರೇಹಾನಾ ಫೋನು ತೆಗೆದು 'ಖಾಲಿದ್' ಎಂಬ ಹೆಸರನ್ನು ನೋಡುತ್ತಾ ಕೂತಳು, ಒತ್ತಲಿಲ್ಲ.

ಆಗ ಬಾಗಿಲು ದಡಾರನೆ ತೆರೆಯಿತು. ಅಶ್ವತ್ಥನಾರಾಯಣ ಅವರು. ಅದೇ ಕಾಫಿ ಲೋಟ ಕೈಯಲ್ಲಿ, ಮುಖ ಕೆಂಪಗೆ.

"ಏನ್ರೀ ಇದು! ಬೆಳಿಗ್ಗೆಯಿಂದ ಬಾಗಿಲಲ್ಲಿ ನಿಂತೂ ನಿಂತೂ ಕಾಲು ಮರಗಟ್ಟಿ ಹೋಯ್ತು. ಬೇಡ ಅನ್ನೋಣ ಅಂದ್ರೆ ಒಬ್ರೂ ಇಲ್ಲ! ದಿನಾ ಬರ್ತೀವಿ ಅಂತ ಬರೆಯೋದು, ಬರದೇ ಇರೋದು. ಇದೇನಾ ನಿಮ್ಮ ವರ್ತನೆ?"

ರೇಹಾನಾ ಫೋನು ಕೆಳಗಿಟ್ಟಳು. ಎದ್ದು ನಿಂತಳು. ಅವಳ ಮುಖದಲ್ಲಿ ಏನೋ ಕುಣಿಯತೊಡಗಿತ್ತು.

"ಸಾರ್, ಒಂದ್ ಮಾತು. ನೀವು ನಮ್ಮ ವರ್ತನೆ ಮನೆಯೋರಾ?"

"ಅಲ್ಲ! ಬೇಡ ಅಂದಿದೀನಲ್ಲ!"

"ಅದೇ ಸಾರ್. ವರ್ತನೆ ಇಲ್ದೋರು ಬೇಡ ಅನ್ನೋ ಹಾಗಿಲ್ಲ. ಸೇರಿದ ಮೇಲೆ ಬೇಡ ಅನ್ಬಹುದು. ದಿನಾ ಅನ್ಬಹುದು. ಸೇರದೇನೇ ಎರಡು ತಿಂಗಳಿಂದ ನೀವು ಪುಕ್ಕಟೆ ಬೇಡ ಅಂತಿದೀರಾ."

ಅಶ್ವತ್ಥನಾರಾಯಣ ಅವರು ಹುಬ್ಬೇರಿಸಿದರು. ನನ್ನ ಕಡೆ ತಿರುಗಿದರು. "ಏನ್ ತಾಯಿ ಇವ್ಳು ಹೇಳ್ತಿರೋದು?"

"ನಮ್ಮ ಬೀದೀಲೂ ಹಂಗೇಯ," ಎಂದೆ. "ಹಾಲು ಹಾಕಿಸ್ಕೊಳ್ಳೋರೇ ಬೇಡ ಅನ್ನೋದು. ಬೀದೀಲಿ ಹೋಗೋರೆಲ್ಲ ನಿಂತು ಬೇಡ ಅಂದ್ರೆ ನಾನು ಯಾವಾಗ ಮನೆ ಸೇರ್ಲಿ?"

ಮೊದಲು ಅವರ ಹೊಟ್ಟೆ ಕುಣಿಯಲು ಶುರುವಾಯಿತು, ಆಮೇಲೆ ಗಂಟಲು, ಆಮೇಲೆ ಅಂಗಡಿಯೆಲ್ಲ ತುಂಬುವ ನಗು. ಕಾಫಿ ಚೆಲ್ಲಿತು. "ಲೇ ಹುಡುಗಿ! ಇಷ್ಟು ವರ್ಷ ಗವರ್ನಮೆಂಟಿನ ಎದುರೇ ಲೆಕ್ಕ ಗೆದ್ದಿದೀನಿ. ನಿನ್ ಕೈಲಿ ಸೋತೆ. ಎಲ್ಲಿ ಸೈನು ಹಾಕ್ಬೇಕು? ಆದ್ರೆ ಕೇಳು. ಸೇರ್ತೀನಿ, ಬೇಡ ಅನ್ನೋದು ನಿಲ್ಸಲ್ಲ."

"ನಿಲ್ಲಿಸ್ಬೇಡಿ ಸಾರ್! ಅದಕ್ಕೇ ದುಡ್ಡು!"

ಅಭಿನವ್ ಒತ್ತುವುದನ್ನೆಲ್ಲ ಒತ್ತಿದ. ಲ್ಯಾಪ್‌ಟಾಪು ಯೋಚಿಸಿತು, ಒಂದು ಹಸಿರು ಗುರುತು ಮೂಡಿಸಿತು. ಮೂವತ್ತು! ಎಂದು ಕೂಗಿ ಅವನು ಕುರ್ಚಿ ಹತ್ತಿದ. ಪೂರ್ಣಿಮಾ ರೇಹಾನಾಳನ್ನು ತಬ್ಬಿಕೊಂಡು ಗಿರಗಿರನೆ ಸುತ್ತಿಸಿದಳು, ಇಬ್ಬರೂ ಹೋಗಿ ಪ್ರಿಂಟರಿಗೆ ಬಡಿದರು, ಅದು ಬೆದರಿ ಒಂದು ಖಾಲಿ ಹಾಳೆ ಉಗುಳಿತು. ರೇಹಾನಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ. ಫೋನು ಎತ್ತಿ ಗಂಡನಿಗೆ ಹೇಳಿದ್ದು ಒಂದೇ ಮಾತು. "ಖಾಲಿದ್, ಆ ಡಬ್ಬ ಎಲ್ಲ ರೀಸೈಕಲ್ಲಿಗೆ ಹಾಕಿ. ನಾನು ಬಾಸು."

ಮರುದಿನ ಬೆಳಿಗ್ಗೆ ಲಿಂಡಾಳ ಬಾಗಿಲಲ್ಲಿ ಅಶ್ವತ್ಥನಾರಾಯಣ ಅವರು ಇಸ್ತ್ರಿ ಮಾಡಿದ ಶರಟು ತೊಟ್ಟು ನಿಂತಿದ್ದರು. ಗಂಟಲು ಸರಿಮಾಡಿಕೊಂಡು, "ಬೇಡ," ಎಂದರು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ಇದು ಅಧಿಕೃತ ಕಣ್ ತಾಯಿ," ಎಂದರು. ರೇಹಾನಾ ಮೇಲೆ ಹೋಗಿ ಅವರ ಕಂಪ್ಯೂಟರು ನೋಡಿದರೆ, ಅದು ನಾಲ್ಕು ವರ್ಷದಿಂದ ಒಂದು ಅಪ್‌ಡೇಟೂ ಹಾಕಿಸಿಕೊಂಡಿರಲಿಲ್ಲ. ಶಿವಭಕ್ತ ಎಮ್ಮೆ ಎಂದಿದ್ದು ಸುಳ್ಳಲ್ಲ.

ನನ್ನ ಆರು ತಿಂಗಳು ಮುಗಿಯುತ್ತಾ ಬಂದಿತ್ತು. ವಿಮಾನ ಬೆಳಗಿನದು. ವಿಮಾನ ನಿಲ್ದಾಣಕ್ಕೆ ಬಿಡಲು ಪೂರ್ಣಿಮಾ ಬರುತ್ತೇನೆಂದು ಹಟ ಹಿಡಿದಳು, ರೇಹಾನಾಳೂ ಹಿಡಿದಳು. ಬೇಡವೆಂದೆ. ಬಾಗಿಲು ತೆಗೆಯುವ ಹೊತ್ತಿಗೆ ಮೂವತ್ತು ಮನೆ ಕಾಯುತ್ತಿರುವಾಗ ಬೀಳ್ಕೊಡಲು ಹೋಗುವುದು ಯಾವ ಊರಿನ ವರ್ತನೆ? ಅವರಿಬ್ಬರೂ ನನ್ನನ್ನು ತಬ್ಬಿಕೊಂಡು, ಕಣ್ಣೊರೆಸಿಕೊಂಡು, ತಡವಾಯಿತೆಂದು ಕಾರು ಹತ್ತಿ ಹೊರಟೇಬಿಟ್ಟರು. ಬೀದಿಯ ತಿರುವಿನ ತನಕ ರೇಹಾನಾ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸುತ್ತಿದ್ದಳು.

ನನ್ನನ್ನು ಕರೆದೊಯ್ದವನು ಖಾಲಿದ್. ದಾರಿಯಲ್ಲಿ ಆಸ್ಟಿನ್ ಏನಾಯಿತಪ್ಪ ಎಂದು ಕೇಳಿದೆ. "ಬಿಟ್ಟೆ ಅಮ್ಮಾ. ನಾನೊಬ್ನೇ ಹೋಗಿ ಏನ್ ಮಾಡ್ಲಿ? ಇಲ್ಲಾದ್ರೆ ತಿಂಗಳ ಗಿರಾಕಿ ಅಂತಾದ್ರೂ ದಿನಾ ಬೆಳಿಗ್ಗೆ ಬಂದು ಮಾತಾಡಿಸ್ತಾಳೆ," ಎಂದ.

ಅವರೆಲ್ಲ ಅಲ್ಲೇ ಉಳಿದರು. ಹೊರಟವಳು ನಾನೊಬ್ಬಳೇ. ಅಂದು ಬುಧವಾರ, ವರ್ತನೆಗೆ ರಜೆಯಿಲ್ಲದ ದಿನ.